ಮುಷ್ಕರ, ಸಂಬಳ, ರಾಜೀನಾಮೆ: ಕಾಸರಗೋಡಿನ ಶಿಕ್ಷಕರಿಗೆ ವಕೀಲರ ಉತ್ತರ

ಅಡ್ಮಿನ್: ಸೇವಾ ಕಾನೂನಿನ ವಕೀಲರು ಇವತ್ತು ಸಂಜೆ ಗುಂಪಿನಲ್ಲಿರುತ್ತಾರೆ. ಕೇಳಿ.

ಕುಂಬಳೆ ಮಾಸ್ಟ್ರು: ಒಂದು ದಿನದ ಮುಷ್ಕರಕ್ಕೆ ಹೋದರೆ ಆ ದಿನದ ಸಂಬಳ ಸಿಗುತ್ತದಾ ಸರ್?

ವಕೀಲರು: ಸರ್ಕಾರ ಡಯಸ್ ನಾನ್ (ಸೇವೆಗೆ ಲೆಕ್ಕವಿಲ್ಲದ, ಸಂಬಳವಿಲ್ಲದ ದಿನ) ಎಂದು ಘೋಷಿಸಿದರೆ ಇಲ್ಲ. 2022ರ ಮಾರ್ಚ್ ಮುಷ್ಕರದಲ್ಲಿ ಹೈಕೋರ್ಟ್ ಆದೇಶದ ಮೇಲೆ ಹಾಗೆಯೇ ಆಯಿತು.

ಬದಿಯಡ್ಕ: ಒಂದು ಫಾರ್ವರ್ಡ್ ಬಂದಿದೆ. "ಮುಷ್ಕರ ಮೂಲಭೂತ ಹಕ್ಕು. ಈ ಅರ್ಜಿ ಸಹಿ ಮಾಡಿ ಎಇಒಗೆ (ಸಹಾಯಕ ಶಿಕ್ಷಣಾಧಿಕಾರಿಗೆ) ಕೊಡಿ, ಸಂಬಳ ವಾಪಸ್." ಕೊಡಬಹುದಾ?

ವಕೀಲರು: ಕೊಡಬೇಡಿ. ಮುಷ್ಕರದಲ್ಲಿದ್ದೆ ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತದೆ. ಸಂಘ ಕಟ್ಟುವುದು ಮೂಲಭೂತ ಹಕ್ಕು, ಮುಷ್ಕರ ಅಲ್ಲ. 1962ರಿಂದ ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತಿದೆ. 2003ರಲ್ಲಿ ತಮಿಳುನಾಡು ಮುಷ್ಕರ ಮಾಡಿದ ಸುಮಾರು 1.7 ಲಕ್ಷ ನೌಕರರನ್ನು, ಶಿಕ್ಷಕರನ್ನು ವಜಾ ಮಾಡಿತು. ಹೆಚ್ಚಿನವರು ಕ್ಷಮೆ ಕೇಳಿ, ಮುಚ್ಚಳಿಕೆ ಬರೆದುಕೊಟ್ಟು ವಾಪಸ್ ಸೇರಿದರು.

ಮುಳ್ಳೇರಿಯ: ಅನುದಾನ ಇಲ್ಲದ ಶಾಲೆ ಸರ್. ನಮಗೆ ಗ್ರಾಚುಯಿಟಿ ಇದೆಯಾ?

ಪೈವಳಿಕೆ ಟೀಚರ್: ಎಯ್ಡೆಡ್ (ಅನುದಾನಿತ) ಯುಪಿ ಶಾಲೆ. ನೇಮಕಕ್ಕೆ ಅಂಗೀಕಾರ ಆಗಿದೆ. ಮುಷ್ಕರಕ್ಕೆ ಹೋದದ್ದಕ್ಕೆ ಮ್ಯಾನೇಜರ್ ತಾರೀಖಿಲ್ಲದ ರಾಜೀನಾಮೆ ಬರೆಸಿಕೊಂಡರು. "ಸುಮ್ನೆ ಫೈಲಿಗೆ" ಅಂದರು. ತೊಂದರೆ ಇಲ್ಲ ಅಲ್ವಾ?

ವಕೀಲರು: ತೊಂದರೆ ಇದೆ, ಜಾಸ್ತಿಯೇ ಇದೆ. ಶಿಕ್ಷಣಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮ್ಯಾನೇಜರ್ ನಿಮ್ಮನ್ನು ತೆಗೆಯುವಂತಿಲ್ಲ. ಸಸ್ಪೆಂಡ್ ಮಾಡಿದರೂ 15 ದಿನ ದಾಟಬೇಕಾದರೆ ಅನುಮತಿ ಬೇಕು. ಬೇಲಿ ಹಾರಲು ಆಗದವರು ನಿಮ್ಮ ಕೈಯಿಂದಲೇ ತಡಮೆ ತೆಗೆಸುತ್ತಿದ್ದಾರೆ. ಇವತ್ತೇ ಪತ್ರ ಬರೆಯಿರಿ: ತಾರೀಖಿಲ್ಲದ ರಾಜೀನಾಮೆಯನ್ನು ಒತ್ತಾಯದಿಂದ ಬರೆಸಿಕೊಂಡಿದ್ದಾರೆ, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ರಾಜೀನಾಮೆ ಅಂಗೀಕಾರ ಆಗುವ ಮೊದಲು ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಮ್ಯಾನೇಜರಿಗೆ ಸ್ಪೀಡ್ ಪೋಸ್ಟಿನಲ್ಲಿ, ಪ್ರತಿ ಎಇಒಗೆ. ಒಂದು ದಿನವೂ ಶಾಲೆ ತಪ್ಪಿಸಬೇಡಿ. ಹಾಜರಿಗೆ ಸಹಿ ಮಾಡಲು ಬಿಡದಿದ್ದರೆ ಅದೇ ದಿನ ಹೆಡ್‌ಮಾಸ್ಟ್ರಿಗೆ ಬರೆದುಕೊಡಿ.

ಈ ರಕ್ಷಣೆ ಸುಲಭಕ್ಕೆ ಬಂದದ್ದಲ್ಲ ಟೀಚರ್. ಕೇರಳದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ 1957ರಲ್ಲಿ ಮಂಡಿಸಿದ ಶಿಕ್ಷಣ ಮಸೂದೆಯಿಂದ ಬಂದದ್ದು. ಎಯ್ಡೆಡ್ ಶಿಕ್ಷಕರಿಗೆ ಸರ್ಕಾರವೇ ನೇರ ಸಂಬಳ ಕೊಡುವುದೂ ಅದರಲ್ಲೇ ಇತ್ತು. 1959ರ ಜೂನಿನಲ್ಲಿ ಅದರ ವಿರುದ್ಧ ಶಾಲೆ ಮುಚ್ಚಿದವರು ಆಡಳಿತ ಮಂಡಳಿಗಳು. ಜುಲೈ 31ಕ್ಕೆ ಸರ್ಕಾರವೇ ಹೋಯಿತು. ಈ ಕಲಂ ಉಳಿಯಿತು. ಅದನ್ನು ಒಂದು ಹಾಳೆಗೆ ಬಿಟ್ಟುಕೊಡಬೇಡಿ.

ನೀಲೇಶ್ವರ ಪೋಷಕರು: ಎಲ್ಲ ಸರಿ, ಮಕ್ಕಳ ಗತಿ? 2002ರಲ್ಲಿ 32 ದಿನ ಮುಷ್ಕರ. ನನ್ನ ಮಗಳು ಆಗ ಎಸ್ಸೆಸ್ಸೆಲ್ಸಿ.

ಕುಂಬಳೆ ಮಾಸ್ಟ್ರು: ಆಂಟನಿ ಸರ್ಕಾರ ರಜೆ ಸರೆಂಡರ್ (ಉಳಿದ ರಜೆಗೆ ಹಣ) ಸೇರಿ ಸೌಲಭ್ಯ ಕಡಿತ ಮಾಡಿದ್ದಕ್ಕೆ ಆ ಮುಷ್ಕರ. ನಮಗೂ ಮಕ್ಕಳಿದ್ದರು.

ನೀಲೇಶ್ವರ ಪೋಷಕರು: ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಟೀಚರ್ ಬಂದಾಗ ಶಾಲೆ ಮುಂದೆ ಕೂತದ್ದು ನಾವು. ಆಗ ನಿಮ್ಮ ಸಂಘ ಎಲ್ಲಿತ್ತು?

ಕುಂಬಳೆ ಮಾಸ್ಟ್ರು: ನಾನು ಅಲ್ಲೇ ಇದ್ದೆ. ನಿಮ್ಮನ್ನು ಕಂಡ ನೆನಪಿಲ್ಲ.

ನೀಲೇಶ್ವರ ಪೋಷಕರು: ಮಾತು ಸರಿಯಾಗಿ ಆಡಿ ಮಾಸ್ಟ್ರೇ.

ಉಪ್ಪಳ: ಡಯಸ್ ನಾನ್ ದಿನ ಸಂಬಳ ಸಿಗುತ್ತದಾ?

ವಕೀಲರು: ಇಲ್ಲ. ಮೇಲೆ ಓದಿ.

ಬದಿಯಡ್ಕ: ಇನ್ನೊಂದು ಬಂದಿದೆ. "ಲೇಬರ್ ಕೋರ್ಟಿಗೆ ಹೋಗಿ, ಮೂರು ತಿಂಗಳಲ್ಲಿ ತೀರ್ಪು."

ವಕೀಲರು: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕುವುದು ನಿಲ್ಲಿಸಿ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಕಾರ್ಮಿಕರಲ್ಲ ಎಂದು 1988ರಲ್ಲೇ ಗೋವಾದ ಸುಂದರಾಂಬಾಳ್ ಕೇಸಿನಲ್ಲಿ ತೀರ್ಪಾಗಿದೆ. ಇದನ್ನು ನಂಬಿ ಅಲೆದವರ ಅಪೀಲಿನ ಅವಧಿ ಮುಗಿದುಹೋಗುತ್ತದೆ.

ಮುಳ್ಳೇರಿಯ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲವಾ?

ನೀಲೇಶ್ವರ ಪೋಷಕರು: ಇಲ್ಲಿ ಮಾಸ್ಟ್ರುಗಳದ್ದೇ ಮಾತು.

ಪೈವಳಿಕೆ ಟೀಚರ್: ಮ್ಯಾನೇಜರ್ ಸಿಟ್ಟಾಗುತ್ತಾರೆ ಸರ್. ಎಇಒಗೆ ಮಾತ್ರ ಕಳಿಸಲಾ?

ವಕೀಲರು: ಸಾಲದು. ರಾಜೀನಾಮೆ ಇರುವುದು ಮ್ಯಾನೇಜರ್ ಕೈಯಲ್ಲಿ, ಪತ್ರ ಅವರಿಗೇ ಮುಟ್ಟಬೇಕು. ನಾಳೆ ಪೋಸ್ಟಾಫೀಸು ತೆರೆದ ಕೂಡಲೇ ಹೋಗಿ. ರಶೀದಿಯ ಫೋಟೋ ನನಗೆ ಮಾತ್ರ ಕಳಿಸಿ, ಗುಂಪಿಗೆ ಬೇಡ.