ಪ್ರಿಯಸ್ 2010, ಪಿ0ಎ80 ಕೋಡ್: ಬ್ಯಾಟರಿ ಪೂರ್ತಿ ಬದಲಾಯಿಸಲೇಬೇಕಾ?

ಪ್ರಶ್ನೆ

ನಮಸ್ಕಾರ. ನಾನು ಸಿಯಾಟಲ್‌ನಲ್ಲಿದ್ದೇನೆ. ಹೋದ ವಾರ ನನ್ನ ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರಿನಲ್ಲಿ ಕೆಂಪು ತ್ರಿಕೋನದ ಎಚ್ಚರಿಕೆ ದೀಪ ಹೊತ್ತಿಕೊಂಡಿತು, ಸ್ಕ್ಯಾನ್ ಮಾಡಿದರೆ ಪಿ0ಎ80, ಅಂದರೆ ಹೈಬ್ರಿಡ್ ಬ್ಯಾಟರಿ ದೋಷದ ಕೋಡ್. ಗ್ಯಾರೇಜಿನವರು ಕೋಡ್ ನೋಡಿದ್ದೇ ತಡ, ಹೈಬ್ರಿಡ್ ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ಆದರೆ ನನ್ನ ಬ್ಲೂಟೂತ್ ಸ್ಕ್ಯಾನರ್‌ನಲ್ಲಿ ಬ್ಯಾಟರಿಯ 14 ಬ್ಲಾಕ್‌ಗಳೂ (ಭಾಗಗಳು) ತಲಾ 15.6 ವೋಲ್ಟ್ ತೋರಿಸುತ್ತಿವೆ. ಎಲ್ಲಾ ಸರಿ ಇದೆ ಅಲ್ವಾ?

ಉತ್ತರ

ನಿಂತ ಗಾಡಿಯ ವೋಲ್ಟೇಜ್ ನಂಬಬೇಡಿ ಸರ್. ಕರೆಂಟ್ ಹರಿಯುವಾಗ ನೋಡಬೇಕು. ಸ್ಕ್ಯಾನರ್ ಆ್ಯಪ್‌ನಲ್ಲಿ ರೆಕಾರ್ಡ್ ಒತ್ತಿಟ್ಟು ಒಂದು ಏರು ಹತ್ತಿಸಿ, ಆಮೇಲೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಚಾರ್ಜ್ ಆಗಲು ಬಿಡಿ. ಓಡಿಸುತ್ತಾ ಫೋನ್ ನೋಡಬೇಡಿ, ಮನೆಗೆ ಬಂದು ನೋಡಿದರಾಯಿತು. ಬ್ಯಾಟರಿ ಕರೆಂಟ್ ಜೊತೆ 14 ಬ್ಲಾಕ್ ವೋಲ್ಟೇಜೂ ಬೇಕು.

ಪ್ರಶ್ನೆ ಕೇಳಿದವರು

ಮಾಡಿದೆ. ಏರಿನಲ್ಲಿ 80 ಆಂಪಿಯರ್ ಎಳೆದಾಗ ಉಳಿದವು 14.1 ವೋಲ್ಟ್, 7ನೇ ಬ್ಲಾಕ್ ಮಾತ್ರ 12.6! ಚಾರ್ಜ್ 40 ಆಂಪಿಯರ್ ಇದ್ದಾಗ ಉಳಿದವು 16.35, 7ನೆಯದು 17.1.

ಉತ್ತರ

ಒಳ್ಳೆಯ ಡೇಟಾ ತಂದಿದ್ದೀರಿ. ಒಂದು ಬ್ಲಾಕ್ ಅಂದರೆ ಎರಡು ಮಾಡ್ಯೂಲ್, ಒಟ್ಟು 12 ಸೆಲ್. ಒಂದು ಸೆಲ್ ಶಾರ್ಟ್ ಆಗಿ ಸತ್ತಿದ್ದರೆ ಆ ಬ್ಲಾಕ್ ನಿಂತಾಗಲೂ ಓಡುವಾಗಲೂ ಸುಮಾರು 1.2 ವೋಲ್ಟ್ ಕಮ್ಮಿಯೇ ಇರುತ್ತದೆ. ನಿಮ್ಮದು ಎಳೆದಾಗ ಕೆಳಗೆ, ತುಂಬಿದಾಗ ಮೇಲೆ ಹೋಗುತ್ತಿದೆ. ಉಳಿದವಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಕರೆಂಟಿನಿಂದ, ಅಂದರೆ 1.5 ಅನ್ನು 80ರಿಂದ, 0.75 ಅನ್ನು 40ರಿಂದ ಭಾಗಿಸಿ ನೋಡಿ, ಎರಡೂ ಕಡೆ 0.019 ಓಮ್ ಹತ್ತಿರ ಬರುತ್ತದೆ. ಅಂದರೆ ಆ ದಾರಿಯಲ್ಲಿ ರೆಸಿಸ್ಟೆನ್ಸ್ ಜಾಸ್ತಿ. ಮಾಡ್ಯೂಲ್ ಒಳಗೇ ಹಳತಾಗಿರಬಹುದು, ಇಲ್ಲ ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ (ಬಸ್‌ಬಾರ್) ಹಸಿರು ಕಿಲುಬು ಹಿಡಿದಿರಬಹುದು. ಎರಡನೆಯದಕ್ಕೆ ಹೆಚ್ಚು ಖರ್ಚಿಲ್ಲ, ಮೊದಲು ಅದನ್ನೇ ನೋಡಿ.

ಆದರೆ ದಯವಿಟ್ಟು ಎಚ್ಚರ. ಇದು 201.6 ವೋಲ್ಟಿನ ಪ್ಯಾಕ್, ಪ್ರಾಣ ಹೋಗುತ್ತದೆ. ಗಾಡಿ ಆಫ್ ಮಾಡಿ, 12 ವೋಲ್ಟ್ ಬ್ಯಾಟರಿ ಬಿಚ್ಚಿ, 1000 ವೋಲ್ಟಿನ ಗ್ಲೌಸ್ ಹಾಕಿಕೊಂಡು ಪ್ಯಾಕಿನ ಸಂಪರ್ಕ ಕಡಿಯುವ ಕಿತ್ತಳೆ ಸರ್ವಿಸ್ ಪ್ಲಗ್ ಎಳೆದು, 10 ನಿಮಿಷ ಕಾಯಿರಿ. ಪ್ಲಗ್ ತೆಗೆದರೂ ಮಾಡ್ಯೂಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಗ್ಲೌಸ್ ತೆಗೆಯಬೇಡಿ. ಅಭ್ಯಾಸ ಇಲ್ಲದಿದ್ದರೆ ಹೈಬ್ರಿಡ್ ಬಲ್ಲ ಮೆಕ್ಯಾನಿಕ್‌ಗೆ ಕೊಡಿ. ಬಸ್‌ಬಾರ್ ನಟ್ಟು ಬಿಗಿ ಮಾಡುವುದು 5.4 ನ್ಯೂಟನ್ ಮೀಟರ್ ಅಷ್ಟೇ, ಜಾಸ್ತಿ ತಿರುಗಿಸಿದರೆ ಸ್ಟಡ್ ಮುರಿಯುತ್ತದೆ.

ಪ್ರಶ್ನೆ ಕೇಳಿದವರು

ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. 7ನೇ ಬ್ಲಾಕಿನ ಬಸ್‌ಬಾರ್ ಪೂರ್ತಿ ಹಸಿರು! ಉಜ್ಜಿ ಹಾಕಿದ ಮೇಲೆ ಅದೇ ಏರಿನಲ್ಲಿ ವ್ಯತ್ಯಾಸ 0.2 ವೋಲ್ಟ್ ಮಾತ್ರ. ಕೋಡ್ ಅಳಿಸಿ ನಾಲ್ಕು ದಿನ ಓಡಿಸಿದೆ, ಮತ್ತೆ ಬಂದಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಉತ್ತರ

ಖುಷಿಯಾಯಿತು. ಬ್ಯಾಟರಿ ತಂಪಾಗಿಸುವ, ಹಿಂದಿನ ಸೀಟಿನ ಪಕ್ಕದ ಗಾಳಿ ಜಾಲರಿ, ಫ್ಯಾನ್ ಎರಡರ ಧೂಳನ್ನೂ ತೆಗೆಸಿ. ತಿಂಗಳು ಬಿಟ್ಟು ಅದೇ ಏರಿನಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಇಲ್ಲೇ ಹಾಕಿ.