ಇಳಕಲ್ ಸೀರಿ ಮಾರಾಕ ವೆಬ್‌ಸೈಟ್ ಮಾಡೇನಿ, ಮಂದಿ ಬರವಲ್ರು, ಏನ್ ಮಾಡ್ಬೇಕ್ರಿ?

ಮಗ್ಗದಮನಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಇಳಕಲ್ಲ, ಮನ್ಯಾಗ ಎರಡು ಕುಣಿಮಗ್ಗ (ತಗ್ಗಿನ್ಯಾಗ ಕಾಲಿಟ್ಟು ನೇಯೂ ಕೈಮಗ್ಗ) ಅದಾವು, ಅಪ್ಪ ಅವ್ವ ಇಬ್ರೂ ನೇಯ್ತಾರ. ಸಾವಕಾರ್ರಿಗೆ ಕೊಟ್ರ ಬರೇ ಕೂಲಿ ಉಳಿತೈತಿ ಅಂತ ಆರು ತಿಂಗಳ ಹಿಂದ ನಾನ ಕುಂತು ವರ್ಡ್‌ಪ್ರೆಸ್‌ನ್ಯಾಗ ಸೈಟ್ ಮಾಡಿದೆ, ಆದ್ರ ದಿನಕ್ಕ ಐದಾರು ಮಂದಿ ಬಂದ್ರ ಹೆಚ್ಚು, ಅವ್ರೂ ನಮ್ಮ ಬೀಗ್ರು ನೆಂಟ್ರ. ಒಂದು ಕಂಪನಿಯವ್ರು ಗೂಗಲ್ ಫಸ್ಟ್ ಪೇಜಿಗೆ ತರೋದು ಗ್ಯಾರಂಟಿ ಅಂತ 12 ಸಾವಿರ ತಗೊಂಡ್ರು, ಕೇಳಿದ್ರ ಮೆಟಾ ಕೀವರ್ಡ್ (ಪುಟದ ಕೋಡಿನ್ಯಾಗ ಕಾಣದಂಗ ಇಡೂ ಪದ) ಹಾಕೇವಿ, ಬ್ಯಾರೆ ಸೈಟಿನಿಂದ ಸಾವಿರ ಲಿಂಕ್ ಕೊಟ್ಟೇವಿ ಅಂತಾರ, ಮೂರು ತಿಂಗಳಾತು ಒಂದು ಸೀರಿನೂ ಹೋಗಿಲ್ಲ. ಇನ್ನಷ್ಟು ರೊಕ್ಕ ಹಾಕಿ ಜಾಹೀರಾತು ಕೊಡ್ಲ್ಯಾ? ಸೈಟಿನ ಲಿಂಕ್ ನನ್ನ ಪ್ರೊಫೈಲ್‌ನ್ಯಾಗ ಐತಿ, ನೋಡಿ ಹೇಳ್ರಿ.

ಜಾಲಿಗ:
ಜಾಹೀರಾತಿಗೆ ಈಗ್ಲೇ ದುಡ್ಡು ಹಾಕ್ಬೇಡಿ ಸಾರ್, ಬಂದವರು ನಿಲ್ಲಲ್ಲ. ನಿಮ್ ಸೈಟ್ ನನ್ ಫೋನಲ್ಲಿ ತೆಗೆದೆ, ಮೊದಲ ಫೋಟೋ ಕಾಣಿಸೋಕೆ 14 ಸೆಕೆಂಡ್ ಆಯ್ತು. ಗೂಗಲ್ ಪ್ರಕಾರ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣಿಸಿದ್ರೆ ಚೆನ್ನಾಗಿದೆ ಅಂತ ಲೆಕ್ಕ. ಮೇಲೆ ತಿರುಗ್ತಾ ಇರೋ ಐದು ಫೋಟೋ ಕ್ಯಾಮೆರಾದಿಂದ ಹಾಗೇ ಹಾಕಿದೀರಿ, ಒಂದೊಂದು 4 ಎಂಬಿ ಇದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಫೋಟೋ ಫಾರ್ಮ್ಯಾಟ್ ಮಾಡಿ, ನೂರೈವತ್ತು ಕೆಬಿ ಒಳಗೆ ಬರತ್ತೆ, ಆ ಸ್ಲೈಡರ್ ತೆಗೆದು ಒಂದೇ ಒಂದು ಒಳ್ಳೆ ಫೋಟೋ ಇಡಿ.

ಆ ಕಂಪನಿ ವಿಷಯ: ಮೆಟಾ ಕೀವರ್ಡ್‌ನ ರ‍್ಯಾಂಕಿಂಗ್‌ಗೆ ನಾವು ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಮೊದಲನೇ ಸ್ಥಾನ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತಾನೂ ಅವರ ಸಹಾಯ ಪುಟದಲ್ಲಿ ಇದೆ. ದುಡ್ಡು ಕೊಟ್ಟು ಲಿಂಕ್ ಹಾಕಿಸೋದು ಅವರ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ, ದಯವಿಟ್ಟು ನಿಲ್ಸಿ. ನೇಯೋರ ದುಡ್ಡು ಹೀಗೆ ಹೋಗೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ಅಕ್ಷರಪ್ರೀತಿ:
ನಾನು ಇನ್ನೊಂದು ನೋಡಿದೆ, ಇದೇ ದೊಡ್ಡ ತೊಂದ್ರೆ ಅನ್ಸತ್ತೆ. ನಿಮ್ಮ ಸೀರೆ ವಿವರಣೆ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರೆ ಬರೀ ವಿಚಿತ್ರ ಚಿಹ್ನೆ ಬರ್ತಿದೆ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋ ಫೈಲಿಂದ ಹಾಗೇ ಹಾಕಿದೀರಾ ಅಲ್ವಾ? ಕಣ್ಣಿಗೆ ಕನ್ನಡ ಕಾಣ್ಸತ್ತೆ, ಗೂಗಲ್‌ಗೆ ಅದು ಬರೀ ಆ ಚಿಹ್ನೆಗಳು, ಕನ್ನಡ ಅಲ್ಲ, ಹಾಗಾಗಿ ಯಾರು ಇಳಕಲ್ ಸೀರೆ ಅಂತ ಕನ್ನಡದಲ್ಲಿ ಹುಡುಕಿದ್ರೂ ನಿಮ್ಮ ಪುಟ ಸಿಗಲ್ಲ. ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್‌ಗೂ ಕನ್ನಡ ಅಂತಾನೇ ಗೊತ್ತಾಗೋ ಅಕ್ಷರ ಸಂಕೇತ) ಬದಲಾಯಿಸೋ ಕನ್ವರ್ಟರ್ ಫ್ರೀಯಾಗಿ ಸಿಗ್ತವೆ, ಬದಲಾಯಿಸಿದ್ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾಡ್ಸಿ. ಬೆಲೆ ಪಟ್ಟಿನ ಪೋಸ್ಟರ್ ಥರ ಚಿತ್ರದಲ್ಲಿ ಬರೆದಿದೀರಿ, ಅದನ್ನೂ ಅಕ್ಷರದಲ್ಲೇ ಬರೀರಿ. ಎಲ್ಲಾ ಪುಟದ ಶೀರ್ಷಿಕೆ ಹೋಮ್ ಅಂತಾನೇ ಇದೆ, ಅದು ಆಯಾ ಸೀರೆ ಹೆಸರಾಗ್ಬೇಕು. ಜನ ಇಳಕಲ್, ಇಲಕಲ್, ಇಳಕಲ್ಲ ಅಂತೆಲ್ಲಾ ಟೈಪ್ ಮಾಡ್ತಾರೆ, ಬಹಳ ಜನ ಇಂಗ್ಲಿಷಲ್ಲೇ ಹೊಡೀತಾರೆ, ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಟೂಲ್ ಹಾಕ್ಕೊಂಡ್ರೆ ಯಾವ ಪದ ಹುಡುಕಿ ನಿಮ್ಮ ಹತ್ರ ಬಂದ್ರು ಅಂತ ಅದೇ ತೋರಿಸತ್ತೆ.

ಧಾರವಾಡದಾಕಿ:
ನಾ ಕಂಪ್ಯೂಟರ್ ತಿಳದಾಕಿ ಅಲ್ಲ, ಸೀರಿ ಕೊಳ್ಳಾಕಿ. ನಿಮ್ಮ ಸೈಟಿನ್ಯಾಗ ಐದು ನಿಮಿಷ ಹುಡುಕಿದ್ರೂ ಆರು ವಾರಿ (ಗಜ) ಉದ್ದದ್ದೋ ಒಂಬತ್ತು ವಾರಿದೋ, ಒಡಲು ಹತ್ತಿದೋ ರೇಷ್ಮಿ ಬೆರಕಿದೋ, ಕೈಮಗ್ಗದ್ದೋ ಪವರ್‌ಲೂಮಿಂದೋ ಗೊತ್ತಾಗ್ಲಿಲ್ಲ. ದಡಿ (ಅಂಚು) ಚಿಕ್ಕಿ ಪರಾಸೋ ಗೋಮಿನೋ ಬರದಿಲ್ಲ. ತೋಪ್ ತೆನಿ ಚಿತ್ತಾರದ ಸೆರಗು ಮಡಚಿಟ್ಟು ಫೋಟೋ ತಗದೀರಿ, ಸೆರಗಿನ ಸಲುವಾಗಿನ ಈ ಸೀರಿ ತಗೊಳ್ಳೋದು! ಬಿಚ್ಚಿ ಹಾಸಿ, ಮುಂಜಾನಿ ಬೆಳಕಿನ್ಯಾಗ ತಗೀರಿ. ಅಂಗಡ್ಯಾಗ ಇಳಕಲ್ ಅಂತ ಏನೇನೋ ಕೊಡ್ತಾರ, ಖರೇದು ಹೆಂಗ ಗುರುತು ಹಿಡಿಯೋದು ಅಂತ ನಿಮ್ಮಂಥ ನೇಕಾರ್ರ ಮನ್ಯಾವ್ರು ಬರದ್ರ ನಾ ಓದ್ತೇನಿ, ನನ್ನ ಗೆಳತ್ಯಾರಿಗೂ ಕಳಸ್ತೇನಿ.

ಜಾಲಿಗ:
ಇವರು ಹೇಳಿದ್ದೇ ಪ್ರಚಾರ ಸಾರ್, ಇಂಥ ಪುಟನೇ ಜನ ವಾಟ್ಸಾಪಲ್ಲಿ ಹಂಚ್ಕೊಳ್ಳೋದು. ಜೊತೆಗೆ ಗೂಗಲ್ ಮ್ಯಾಪಲ್ಲಿ ನಿಮ್ಮ ವ್ಯಾಪಾರ ತೋರಿಸೋ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಫ್ರೀ. ಕೂಡಲಸಂಗಮ, ಐಹೊಳೆ ನೋಡೋಕೆ ಬರೋರು ಮ್ಯಾಪಲ್ಲಿ ಹುಡುಕ್ತಾರೆ.

ಮಗ್ಗದಮನಿ:
ಮೂರು ವಾರ ಆತು, ಹೇಳಿದ್ದೆಲ್ಲಾ ಮಾಡೇನಿ. ನುಡಿದು ಯೂನಿಕೋಡ್ ಆತು, ಬೆಲಿ ಬರದೆ. ಒಡಲಿಗೆ ಸೆರಗು ಜೋಡಿಸೂ ಕೊಂಡಿ ಬಗ್ಗೆ ಒಂದು ಪುಟ ಮಾಡೇನಿ: ಒಡಲಿನ ಹಾಸು (ಮಗ್ಗದ ಉದ್ದನೂಲು) ಬ್ಯಾರೆ, ಸೆರಗಿನ ರೇಷ್ಮಿ ಹಾಸು ಬ್ಯಾರೆ, ಎರಡನ್ನೂ ಎಳಿಗೆ ಎಳಿ ಕುಣಿಕಿ ಹಾಕಿ ಜೋಡಸ್ತಾರ, ಅದಕ್ಕ ಒಂದೊಂದು ಸೀರಿಗೂ ಹಾಸು ಬ್ಯಾರೆನ ಮಾಡ್ಬೇಕು. ಅವ್ವ ಕೊಂಡಿ ಹಾಕೋವಾಗ ಬರೇ ಆಕಿ ಬೆರಳು ಕಾಣೂ ಹಂಗ ಒಂದು ನಿಮಿಷದ ವಿಡಿಯೋ ಇಟ್ಟೇನಿ. ಮೊನ್ನೆ ಸೊಲ್ಲಾಪುರದಿಂದ ಒಬ್ರು ಅದನ್ನ ನೋಡಿ ಫೋನ್ ಮಾಡಿದ್ರು, ಒಂಬತ್ತು ವಾರಿದು ಎರಡು ಬೇಕಂತ. ಅವ್ರು ಮರಾಠಿ ಮಂದಿ, ಸೈಟಿಗೆ ಟ್ರಾನ್ಸ್‌ಲೇಟ್ ಬಟನ್ ಹಾಕಿದ್ರ ಸಾಕೇನ್ರಿ?

ಅಕ್ಷರಪ್ರೀತಿ:
ಸಾಲದು, ಬಟನ್ ಒತ್ತಿದ್ಮೇಲೆ ಬರೋ ಅನುವಾದ ಹುಡುಕಾಟದಲ್ಲಿ ಸಿಗಲ್ಲ. ಮರಾಠಿಗೆ ಬೇರೆ ವೆಬ್ ವಿಳಾಸದಲ್ಲಿ ಒಂದು ಪುಟ ಮಾಡಿ, ನಿಮ್ಮೂರಲ್ಲೇ ಮರಾಠಿ ಚೆನ್ನಾಗಿ ಬರೆಯೋರು ಸಿಕ್ತಾರಲ್ಲ, ಅವರ ಕೈಲಿ ಬರೆಸಿ. ಮೊದಲು ಒಂಬತ್ತು ವಾರಿದೇ ಆಗ್ಲಿ.