ಕತ್ಲಾದ್ ಕೂಡ್ಲೆ ಕ್ಯಾಮೆರಾ ಎಲ್ಲ ರೀಸ್ಟಾರ್ಟ್, ಪಿಒಇ ಸೆಟ್ಟಿಂಗಲ್ಲಿ ಎಂತ ತಪ್ಪಾಗಿದೆ?

ತೋಟದ್ಮನೆ:
ನಮಸ್ಕಾರ ಎಲ್ರಿಗೂ. ಸಾಗರದ ಹತ್ರ ನಮ್ಮನೆ, ಅಡಿಕೆ ಒಣಗ್ಸೋ ಅಂಗಳಕ್ಕೆ, ಗೋಡೌನಿಗೆ, ಗೇಟಿಗೆ ಅಂತ ಐದು ಬುಲೆಟ್ ಕ್ಯಾಮೆರಾ ಹಾಕಿದೀನಿ, 8 ಪೋರ್ಟಿನ ಮ್ಯಾನೇಜ್ಡ್ ನೆಟ್‌ವರ್ಕ್ ಸ್ವಿಚ್ಚು, ನೆಟ್‌ವರ್ಕ್ ಕೇಬಲಲ್ಲೇ ಕ್ಯಾಮೆರಾಗೆ ಕರೆಂಟೂ ಕೊಡೋದು (ಅದೇ ಪಿಒಇ), ಒಟ್ಟು ಪಿಒಇ ಬಜೆಟ್ 60 ವ್ಯಾಟ್. ಹಗಲೆಲ್ಲ ಎಂತ ತೊಂದ್ರೆನೂ ಇಲ್ಲ, ಕತ್ಲಾಗ್ತಿದ್ದಂಗೆ ಒಂದೊಂದೇ ಆಫ್ ಆಗ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಬರ್ತವೆ, ಚಿತ್ರ ಬಂತು ಅನ್ನೋಷ್ಟ್ರಲ್ಲಿ ಟಕ್ ಅಂತ ಸದ್ದು, ಮತ್ತೆ ಆಫ್. ಅಪ್ಪಯ್ಯ ಬೇರೆ "ಹಗಲು ಕಾಯಕ್ಕೆ ನಾನೇ ಇದೀನಲ್ಲ, ಇದ್ಯಾಕೆ" ಅಂತಿದಾರೆ.

ಕೇಬಲ್ ಕಿಟ್ಟಿ:
ಸ್ವಿಚ್ಚಿನ ಪವರ್ ಸಪ್ಲೈ ಹೋಗಿದೆ ಗುರೂ, ಹೊಸದು ತಗೋ.

ಸ್ವಿಚ್ಚಪ್ಪ:
ಕಿಟ್ಟಿ, ದುಡ್ಡು ಅವ್ರದ್ದು ಅಂತ ಆರಾಮಾಗಿ ಹೇಳ್ತೀಯ 😀
ತೋಟದ್ಮನೆಯವ್ರೆ, ಆ ಟಕ್ ಅನ್ನೋದು ಕ್ಯಾಮೆರಾ ನೈಟ್ ಮೋಡಿಗೆ ಹೋಗುವಾಗ ಒಳಗಿನ ಫಿಲ್ಟರ್ ಸರಿಯೋ ಸದ್ದು. ಅದರ ಜೊತೆಗೇ ಕತ್ಲಲ್ಲಿ ಕಾಣಕ್ಕೆ ಇರೋ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ಹತ್ಕೋತವೆ, ಕರೆಂಟ್ ಎಳೆಯೋದು ಜಾಸ್ತಿ ಆಗುತ್ತೆ. ಪಿಒಇ ಪೇಜಲ್ಲಿ ಪೋರ್ಟ್ ಲಿಮಿಟ್ ಎಷ್ಟಿದೆ, ಆಫ್ ಆಗೋ ಮುಂಚೆ ಎಷ್ಟು ವ್ಯಾಟ್ ತೋರ್ಸುತ್ತೆ ನೋಡಿ ಹೇಳಿ.

ತೋಟದ್ಮನೆ:
ಲಿಮಿಟ್ 7, ನಾನೇ ಹಾಕಿದ್ದು. 8 ಪೋರ್ಟಿಗೆ ಏಳೇಳು ಅಂದ್ರೆ 56, ಬಜೆಟ್ ಒಳಗೇ ಬಂತಲ್ಲ ಅಂತ ಲೆಕ್ಕ. ಹಗಲು 4.6 ಇರ್ತದೆ, ನಿನ್ನೆ ಸಂಜೆ ರಿಫ್ರೆಶ್ ಒತ್ತುತ್ತಾ ಕೂತಿದ್ದೆ, 6.9 ಬಂತು, ಮುಂದಿನ ಸಲ ಒತ್ತಿದ್ರೆ ಓವರ್‌ಲೋಡ್. ಲಿಮಿಟ್ ಏರಿಸಿದ್ರೆ ಕ್ಯಾಮೆರಾ ಸುಟ್ಟೋಗಲ್ವಾ?

ಸ್ವಿಚ್ಚಪ್ಪ:
ಸಿಕ್ತು ಕಳ್ಳ. ಸುಡಲ್ಲ ಮಾರಾಯ್ರೆ, ಸ್ವಿಚ್ಚು ಪವರ್ ತಳ್ಳಲ್ಲ, ಕ್ಯಾಮೆರಾ ಬೇಕಾದಷ್ಟೇ ಎಳ್ಕೊಳ್ಳೋದು. ಆ ಕಡೆ 25 ಕಿಲೋ ಓಮ್ ರೆಸಿಸ್ಟೆನ್ಸ್ ಕಂಡ್ರೆ ಮಾತ್ರ ಪವರ್ ಬಿಡುತ್ತೆ, ಮಧ್ಯದಲ್ಲಿ ಕ್ಲಾಸ್ ಬೇರೆ ವಿಚಾರಿಸುತ್ತೆ, ಅಂದ್ರೆ ಹೆಚ್ಚಂದ್ರೆ ಎಷ್ಟು ಪವರ್ ಬೇಕು ಅನ್ನೋ ದರ್ಜೆ: ಕ್ಲಾಸ್ 2 ಅಂದ್ರೆ 7 ವ್ಯಾಟ್, ಕ್ಲಾಸ್ 3 ಅಂದ್ರೆ 15.4, ಕ್ಲಾಸ್ 4 ಅಂದ್ರೆ 30. ನಿಮ್ದು ಕ್ಲಾಸ್ 3 ಇರ್ಬೇಕು, ನೀವು ಕ್ಲಾಸ್ 2ರ ಮುಚ್ಚಳ ಹಾಕಿ ಕೂರ್ಸಿದೀರ. ಹಂಗಂತ ಲಿಮಿಟನ್ನ ಕ್ಲಾಸ್ ಮೋಡಿಗೂ ಹಾಕ್ಬೇಡಿ, ಸುಮಾರು ಸ್ವಿಚ್ಚುಗಳು ಆ ಮೋಡಲ್ಲಿ ಪೂರ್ತಿ 15.4 ಎತ್ತಿಟ್ಬಿಡ್ತವೆ, ಮೂರು ಕ್ಯಾಮೆರಾಗೆ 46.2, ನಾಲ್ಕನೇದು ಸೇರಿದ್ರೆ 61.6, ಅಲ್ಲಿಗೆ ಬಜೆಟ್ ದಾಟ್ತು, ಉಳಿದೆರಡು ಆನೇ ಆಗಲ್ಲ. ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದಂಗೆ, ಯಾರೂ ಕೂರ್ದಿದ್ರೂ ಜಾಗ ಹೋಯ್ತು.
ಮ್ಯಾನ್ಯುಯಲಲ್ಲಿ 11 ಹಾಕಿ, ಐದಕ್ಕೆ 55. ಖಾಲಿ ಮೂರು ಪೋರ್ಟಲ್ಲಿ ಪಿಒಇ ಡಿಸೇಬಲ್ ಮಾಡಿ, ಡೇಟಾ ಹೆಂಗೂ ಓಡುತ್ತೆ. ಗೇಟ್ ಕ್ಯಾಮೆರಾಗೆ ಪ್ರಯಾರಿಟಿ ಹೈ ಕೊಡಿ, ಬಜೆಟ್ ಸಾಲ್ದಿದ್ರೆ ಲೋ ಇರೋದನ್ನ ಮೊದ್ಲು ಬಿಡುತ್ತೆ. ಅಪ್ಲೈ ಒತ್ತಿ ಎದ್ದು ಹೋಗ್ಬೇಡಿ, ಕಾನ್ಫಿಗ್ ಸೇವ್ ಅಂತ ಬೇರೆ ಬಟನ್ ಇರುತ್ತೆ, ಒತ್ತದಿದ್ರೆ ಒಂದ್ಸಲ ಕರೆಂಟ್ ಹೋಗಿ ಬಂದ್ರೆ ಮತ್ತೆ ಏಳೇ, ನಿಮ್ಮೂರಲ್ಲಿ ಕರೆಂಟ್ ವಿಷ್ಯ ಹೇಳ್ಬೇಕಾ.

ತೋಟದ್ಮನೆ:
ನಾಲ್ಕು ಸರಿಯಾಯ್ತು, 8.5 ಆಸುಪಾಸಲ್ಲಿ ನಿಂತಿವೆ! ಆದ್ರೆ ಗೇಟಿಂದು ಇನ್ನೂ ದಿನಕ್ಕೆ ಎರಡ್ಮೂರು ಸಲ ಹೋಗ್ತದೆ. ಕೇಬಲ್ 80 ಮೀಟರ್ ಇದೆ, ಅದಕ್ಕಾ?

ಸ್ವಿಚ್ಚಪ್ಪ:
100ರ ಒಳಗಿದೆ, ಉದ್ದ ತೊಂದ್ರೆ ಅಲ್ಲ. ಕ್ಯಾಮೆರಾ ಹತ್ರ ಕನೆಕ್ಟರ್ ಬಯಲಲ್ಲಿ ನೇತಾಡ್ತಿದ್ಯಾ? ಬಿಚ್ಚಿ ಪಿನ್ ನೋಡಿ.

ತೋಟದ್ಮನೆ:
ಹೌದು ಮಾರಾಯ್ರೆ, ಇನ್ಸುಲೇಷನ್ ಟೇಪ್ ಸುತ್ತಿದ್ದೆ ಅಷ್ಟೆ, ಬಿಚ್ಚಿದ್ರೆ ಒಳಗೆ ನೀರು, ಎರಡು ಪಿನ್ ಮೇಲೆ ಹಳೇ ತಾಮ್ರದ ಚೊಂಬಿನ ಥರ ಹಸಿರು ಕಿಲುಬು.

ಸ್ವಿಚ್ಚಪ್ಪ:
ನೀರಿನ ಜೊತೆ 48 ವೋಲ್ಟ್ ಡಿಸಿ ಸೇರಿದ್ರೆ ಹಂಗೇ ತಿನ್ನುತ್ತೆ. ಕೇಬಲ್ ತುದಿ ಒಂದು ಗೇಣು ಕಟ್ ಮಾಡಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿ (ಒತ್ತಿ ಕೂರ್ಸಿ), ಕ್ಯಾಮೆರಾ ಕಡೆ ಸಾಕೆಟ್ಟಿಗೂ ಕಿಲುಬು ಹಿಡಿದಿದ್ಯಾ ನೋಡಿ, ಜಂಕ್ಷನ್ ಬಾಕ್ಸ್ ಒಳಗಿಡಿ, ಕೇಬಲ್ಲು ಬಾಕ್ಸಿಗೆ ಕೆಳಗಿಂದ ಬರ್ಲಿ, ಇಲ್ದಿದ್ರೆ ನೀರು ಕೇಬಲ್ ಹಿಡ್ಕೊಂಡೇ ಒಳಗಿಳಿಯುತ್ತೆ.

ತೋಟದ್ಮನೆ:
ಮಾಡಿ ಆಯ್ತು, ಸಾಕೆಟ್ ಬ್ರಷ್ಷಲ್ಲಿ ಉಜ್ಜಿದೆ. ಮೂರು ರಾತ್ರಿ ಆಯ್ತು, ಗೇಟಿಂದು 8.7, ಒಂದ್ಸಲನೂ ಆಫ್ ಆಗಿಲ್ಲ. ಕಿಟ್ಟಿಯವ್ರೆ, ಹೊಸ ಸ್ವಿಚ್ ಮುಂದಿನ ವರ್ಷ ನೋಡುವ.